ಗೋಡೆಯಾಚೆ ಕೇಳಿಸಿದ ಜೇನು

ಮಾರ್ಚ್ ಒಂಬತ್ತು, ಭಾನುವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಶುರುವಾಯಿತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನನಗಾಗ ಹತ್ತು ವರ್ಷ, ಹುಟ್ಟುಹಬ್ಬಕ್ಕೆ ಬಂದ ಗಡಿಯಾರ ಕೈಯಲ್ಲಿತ್ತು, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸಿ ಬರೆದಿಡುವ ಚಟ ಅಂಟಿತ್ತು. ಕುಕ್ಕರಿನ ಸೀಟಿ ಎಷ್ಟು, ಲಿಫ್ಟ್ ಕೆಟ್ಟ ದಿನಗಳು ಎಷ್ಟು, ಅಪ್ಪ ‘ನಾಳೆ ನೋಡೂಣು’ ಅಂದದ್ದು ಎಷ್ಟು ಸಲ, ಆ ನಾಳೆ ಬಂದದ್ದು ಎಷ್ಟು ಸಲ, ಎಲ್ಲಕ್ಕೂ ಒಂದೊಂದು ಕಾಲಂ. ಕಂದು ರಟ್ಟಿನ ಆ ನೋಟುಬುಕ್ಕು ಈಗಲೂ ನನ್ನ ಬಳಿ ಇದೆ. ಅದರ ಭಾಷೆ ಕನ್ನಡ, ಲಿಪಿ ಗುಜರಾತಿ. ಶಾಲೆಯಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷು, ಹಿಂದಿ, ಗುಜರಾತಿ. ಕನ್ನಡ ಅಕ್ಷರ ನನಗೆ ಬರುತ್ತಿರಲಿಲ್ಲ. ಮನೆಯ ಮಾತನ್ನು ಯಾವುದಾದರೂ ಅಕ್ಷರದಲ್ಲಿ ಬರೆಯಬೇಕಲ್ಲ, ಗೊತ್ತಿದ್ದ ಅಕ್ಷರಗಳಲ್ಲಿ ದುಂಡಗಿದ್ದವನ್ನು ಆರಿಸಿಕೊಂಡಿದ್ದೆ.

ಅಪ್ಪನದು ವಿಮಾ ಕಚೇರಿಯ ಕೆಲಸ. ವಡೋದರಾದ ಮಕರಪುರದಿಂದ ವರ್ಗವಾಗಿ ನಾವು ಅಹಮದಾಬಾದಿನ ಚಾಂದ್‌ಖೇಡಾಕ್ಕೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಅದರ ಹಿಂದೆ ಪಾತ್ರೆ ತಿಕ್ಕಲು, ಬಟ್ಟೆ ಒಣಹಾಕಲು ಒಂದು ಸಣ್ಣ ಬಾಲ್ಕನಿ. ಬಾಲ್ಕನಿಯ ಕೆಳಗೆ ಬಳ್ಳಾರಿ ಜಾಲಿ ಬೆಳೆದ ಖಾಲಿ ನಿವೇಶನ. ಅತ್ತ ಯಾರೂ ಸುಳಿಯುತ್ತಿರಲಿಲ್ಲ. ನಮ್ಮ ಅಡುಗೆಮನೆಯ ಗೋಡೆಯ ಆಚೆ ಪಕ್ಕದ ಮನೆಯವರ ಅಡುಗೆಮನೆ. ಗೋಡೆ ಎಷ್ಟು ತೆಳ್ಳಗಿತ್ತೆಂದರೆ ಅವರು ಹಿಟ್ಟು ನಾದಿದರೆ ನಮ್ಮ ಸಾಸಿವೆ ಡಬ್ಬಿ ಅಲುಗುತ್ತಿತ್ತು. ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದೂ ಆ ಗೋಡೆಗೆ ಒರಗಿ ನಿಂತಾಗ ಮಾತ್ರ. ಹಾಗಾಗಿ ನಮ್ಮ ಮನೆಯ ಮುಖ್ಯ ಮಾತುಗಳೆಲ್ಲ ಅಲ್ಲೇ ಆಗುತ್ತಿದ್ದವು.

ಆ ಭಾನುವಾರ ಅವ್ವ ಬಟ್ಟೆ ಒಣಹಾಕಿ ಬಂದು ಚಹಾಕ್ಕೆ ನೀರಿಟ್ಟಿದ್ದಳು. ಹಿಂದಿನಿಂದ ಮಿಕ್ಸರ್ ತಿರುಗಿದಂಥ ಸದ್ದು ಬಂತು. ನಮ್ಮ ಮಿಕ್ಸರ್ ಕಪಾಟಿನಲ್ಲಿತ್ತು. ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡಿದರೆ ಗಾಳಿಯೇ ಕಪ್ಪಗಾಗಿ ಸುತ್ತುತ್ತಿತ್ತು. ಹತ್ತು ನಿಮಿಷದಲ್ಲಿ ಆ ಕಪ್ಪೆಲ್ಲ ಒಟ್ಟುಗೂಡಿ ಮೇಲಿನ ಮನೆಯ ಬಾಲ್ಕನಿಯ ಅಡಿಗೆ, ನಮ್ಮ ಬಟ್ಟೆಯ ತಂತಿಗೆ ಒಂದು ಮೊಳ ಮೇಲೆ, ಹಳೆಯ ಕಂಬಳಿ ನೇತುಹಾಕಿದಂತೆ ಇಳಿಬಿದ್ದಿತು. ಕಂಬಳಿಯ ಮೈಮೇಲೆ ಆಗಾಗ ಮಿಂಚಿನಂಥ ಅಲೆಯೊಂದು ಮೇಲಿಂದ ಕೆಳಗೆ ಹರಿಯುತ್ತಿತ್ತು. ಹೆಜ್ಜೇನು. ಬೆರಳುಗಳಿಂದ ಚೌಕ ಮಾಡಿ, ಚೌಕದೊಳಗಿನ ಹುಳ ಎಣಿಸಿ, ಚೌಕ ಎಷ್ಟೆಂದು ಅಳೆದು ಗುಣಿಸಲು ಹೊರಟೆ. ನೋಟುಬುಕ್ಕಿನಲ್ಲಿ ಹೀಗಿದೆ: ‘ಸುಮಾರು 1900. ಅಪ್ಪ ಸೀನಿದ. ಮತ್ತೆ ಮೊದಲಿನಿಂದ.’

ತಂತಿಯ ಮೇಲೆ ಹನ್ನೊಂದು ಬಟ್ಟೆ ಸಿಕ್ಕಿಹಾಕಿಕೊಂಡಿದ್ದವು. ನನ್ನ ಶಾಲೆಯ ಸ್ಕರ್ಟು ಒಂದು, ಅಂಗಿ ಒಂದು, ಅವ್ವ ಕೆಲಸಕ್ಕೆ ಹಾಕಿಕೊಳ್ಳುವ ಬಿಳಿ ಕೋಟು ಒಂದು, ಟವೆಲು ಎರಡು, ಉಳಿದ ಆರು ಅಪ್ಪನವು; ಅವುಗಳ ಹೆಸರು ಬರೆಯಬಾರದೆಂದು ಅಪ್ಪ ತಾಕೀತು ಮಾಡಿದ್ದ. ಸೋಮವಾರ ಮೂವರಿಗೂ ಬಟ್ಟೆ ಬೇಕು. ಅಪ್ಪ ರೇನ್‌ಕೋಟು ಹಾಕಿ, ಹೆಲ್ಮೆಟ್ಟು ಇಟ್ಟು, ಪಾತ್ರೆ ತಿಕ್ಕುವ ರಬ್ಬರ್ ಕೈಗವಸು ತೊಟ್ಟು, ಮೇಲಿನಿಂದ ಸೊಳ್ಳೆಪರದೆ ಹೊದ್ದು ಬಾಗಿಲು ತೆರೆದ. ಹೋಗಿ ಬರಲು ನಲವತ್ತು ಸೆಕೆಂಡು. ತಂದದ್ದು ಒಂಬತ್ತು ಬಟ್ಟೆ. ಕಚ್ಚಿಸಿಕೊಂಡದ್ದು ಎರಡು ಕಡೆ, ಒಂದು ಮೊಣಕೈ, ಇನ್ನೊಂದು ಎಡಗಣ್ಣಿನ ರೆಪ್ಪೆ.

“ಹೆಲ್ಮೆಟ್ಟಿನ ಗಾಜ ಯಾಕ ಮ್ಯಾಲ ಎತ್ತಿದ್ರಿ?” ಎಂದಳು ಅವ್ವ.

“ಚಸ್ಮಾಕ್ಕ ಹಬಿ ಹತ್ತಿತ್ತಲೇ. ಯಾವ್ದು ಜೇನ, ಯಾವ್ದು ಬನಿಯನ್ನ ತಿಳೀಲಿಲ್ಲ.”

ಇಲ್ಲಿ ಪಕ್ಕದ ಮನೆಯವರ ಬಗ್ಗೆ ಹೇಳಬೇಕು. ರಸೀಲಾಬೆನ್ ಮೂವತ್ತೊಂದು ವರ್ಷ ಶಾಲೆಯಲ್ಲಿ ಗುಜರಾತಿ ಕಲಿಸಿ ನಿವೃತ್ತರಾದವರು. ಅವರ ಗಂಡ ಜಯಂತಿಭಾಯಿ ನಮ್ಮ ಸೊಸೈಟಿಯ ಕಾರ್ಯದರ್ಶಿ. ಜೈನರು, ಏಳು ತಲೆಮಾರಿನಿಂದ ಅಹಮದಾಬಾದಿನವರು. ಅಜ್ಜಿಯ ವಯಸ್ಸಿನವರನ್ನು ಅಲ್ಲಿ ‘ಬಾ’ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಮೊದಮೊದಲು ನಾನು ಬಾಗಿಲಲ್ಲಿ ನಿಂತು ‘ಬಾ’ ಎಂದಾಗಲೆಲ್ಲ ಅವ್ವ ಒಲೆ ಸಣ್ಣ ಮಾಡಿ ಹೊರಗೆ ಬರುತ್ತಿದ್ದಳು. ನನ್ನ ಶಾಲೆ ಹನ್ನೆರಡೂವರೆಗೆ ಬಿಡುತ್ತಿತ್ತು. ಹತ್ತು ವರ್ಷ ಮನೆಯಲ್ಲೇ ಇದ್ದ ಅವ್ವ ಹಿಂದಿನ ದೀಪಾವಳಿಯ ನಂತರ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಶನಿವಾರವೂ ಸೇರಿ ಸಂಜೆ ಐದೂವರೆಯವರೆಗೆ ಕೆಲಸ. ನಡುವಿನ ಐದು ಗಂಟೆ ನಾನು ಬಾ ಮನೆಯಲ್ಲಿ. ಊಟ ಅಲ್ಲೇ, ಹೋಮ್‌ವರ್ಕ್ ಅಲ್ಲೇ. ಆ ಐದು ಗಂಟೆಗಳಿಗೆ ಬಾ ಇಲ್ಲದಿದ್ದರೆ ಅವ್ವನಿಗೆ ಆ ಬಿಳಿ ಕೋಟು ಇಲ್ಲ ಎಂಬುದು ನನಗೂ ಗೊತ್ತಿತ್ತು. ಕೋಟು ಹಾಕಿಕೊಂಡ ದಿನದಿಂದ ಅವ್ವ ಕನ್ನಡಿಯ ಮುಂದೆ ನಿಲ್ಲುವ ಸಮಯ ಎರಡು ನಿಮಿಷದಿಂದ ಐದಕ್ಕೆ ಏರಿತ್ತು. ಅದಕ್ಕೂ ಕಾಲಂ ಇದೆ.

ಬಾ ಮನೆಯ ಊಟದಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ಬೆಲ್ಲ ಹಾಕಿದ ಬೇಳೆ, ಒಂದು ಪಲ್ಯ, ಕಾಗದದಷ್ಟು ತೆಳ್ಳಗಿನ, ತುಪ್ಪ ಸವರಿದ ರೋಟಲಿ. ನನ್ನ ತಟ್ಟೆಯಲ್ಲಿ ಜಾಗ ಕಂಡ ಕೂಡಲೇ ಬಾ ‘ಹಜೀ ಏಕ್’ ಎನ್ನುತ್ತಿದ್ದರು. ಇನ್ನೂ ಒಂದು ಎಂದರ್ಥ. ಊಟ ಮುಗಿಯುವುದರೊಳಗೆ ಎಷ್ಟು ಸಲ ‘ಹಜೀ ಏಕ್’ ಎಂದರೆಂದು ನಾನು ದಿನವೂ ಬರೆಯುತ್ತಿದ್ದೆ. ಸಾಮಾನ್ಯವಾಗಿ ಆರು. ಪರೀಕ್ಷೆಯ ದಿನ ಎಂಟು. ಊಟವಾದ ಮೇಲೆ ಮೆಟ್ಟಿಲ ಬಳಿಯ ಇರುವೆಗಳಿಗೆ ಒಂದು ಚಿಟಿಕೆ ಹಿಟ್ಟು ಹಾಕುವುದು ನನ್ನ ಕೆಲಸ. ಒಮ್ಮೆ ಅವ್ವ ಬಚ್ಚಲ ಬಾಗಿಲಿಗೆ ಜಿರಲೆ ಸಾಯುವ ಸೀಮೆಸುಣ್ಣದಿಂದ ಗೆರೆ ಎಳೆದದ್ದನ್ನು ಕಂಡು ಬಾ ಎರಡು ದಿನ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ಈ ಕಾರಣಕ್ಕೆ ಅಪ್ಪನ ರೆಪ್ಪೆಗೆ ಸುಣ್ಣ ಹಚ್ಚುತ್ತಲೇ ಅವ್ವ ನಿಯಮ ಮಾಡಿದಳು.

“ರಸೀಲಾಬೆನ್ಗ ಗೊತ್ತಾಗಬಾರ್ದು. ಇರಿವಿಗೆ ಹಿಟ್ಟ ಹಾಕು ಮಂದಿ ಅವ್ರು. ನಾವು ಜೇನಿಗೆ ಹೊಗಿ ಹಾಕಿದ್ವಿ ಅಂತ ತಿಳಿದ್ರ ನಮ್ಮ ರೂಪಾನ್ನ ಒಳಗ ಕರ್ಕೊಳ್ತಾರೇನು?”

“ಅವ್ರಿಗೆ ಕನ್ನಡ ಎಲ್ಲಿ ಬರ್ತೈತಿ?” ಎಂದ ಅಪ್ಪ. “ಹಿಂದಿ ಒಳಗ ಮಾತಾಡಬ್ಯಾಡ, ಅಷ್ಟ. ಕನ್ನಡದಾಗ ಎಷ್ಟರ ಜೋರ ಮಾತಾಡು.”

ಜೋರಾಗಿ ಮಾತಾಡುವ ಅಗತ್ಯ ಕೂಡಲೇ ಬಂತು. ಭಾನುವಾರ ಒಂಬತ್ತಕ್ಕೆ ಧಾರವಾಡದಲ್ಲಿದ್ದ ನನ್ನ ಅಜ್ಜಿಗೆ ಫೋನು ಮಾಡುವುದು ಪದ್ಧತಿ. ಅಜ್ಜಿಗೆ ಕಿವಿ ಮಂದ. ಅಪ್ಪ ಗೋಡೆಗೆ ಒರಗಿ ಫೋನಿನ ಸ್ಪೀಕರ್ ಹಾಕಿದ.

“ಅವ್ವಾ, ಮನಿಗೆ ಜೇನ ಬಂದಾವ.”

“ಹೇನ? ಯಾರ ತಲ್ಯಾಗ?”

“ತಲ್ಯಾಗ ಅಲ್ಲಬೇ, ಬಾಲ್ಕನ್ಯಾಗ.”

“ಛಲೋ ಆತು, ಹೊರಗ ಕುಂತ ಬಾಚ್ರಿ. ಸೀತಾಫಲದ ಬೀಜ ಅರದು ಹಚ್ರಿ, ಸಾಯ್ತಾವ.”

“ಹೇನ ಅಲ್ಲ, ಜೇನ. ಜ. ಜೇನ. ಜೇನಬೇ, ಜೇನ.”

“ಒದರಬ್ಯಾಡ, ಕೇಳಸ್ತೈತಿ. ಕೂಸಿನ ಕೂದಲಾ ಕತ್ತರಿಸಿಬಿಡ್ರಿ.”

ಅಜ್ಜಿಗೆ ಅರ್ಥವಾಗಲು ಅಪ್ಪ ‘ಜೇನ’ ಎನ್ನಬೇಕಾದದ್ದು ಹದಿನೇಳು ಸಲ. ಕೊನೆಯ ಐದು ಸಲ ಅವನ ಕತ್ತಿನ ನರ ಕಾಣುತ್ತಿತ್ತು. ಅರ್ಥವಾದ ಮೇಲೆ ಅಜ್ಜಿ ಕೇಳಿದ್ದು ಒಂದೇ, ತುಪ್ಪ ಎಷ್ಟು ಇಳಿಸಿದ್ರಿ ಎಂದು. ಅಲ್ಲಿಂದ ಮುಂದೆ ದಿನಾ ಸಂಜೆ ಅದೇ ಗೋಡೆಯ ಬಳಿ ಅಪ್ಪ ಅವ್ವನ ಸಭೆ. ಅಪ್ಪನ ಕನ್ನಡ ಕಚೇರಿಯಿಂದ ಬಂದ ಕನ್ನಡ. ಕ್ರಿಯಾಪದ ಮಾತ್ರ ಧಾರವಾಡದ್ದು.

“ಈ ಜೇನ ಪ್ರಾಬ್ಲಂ ಪರ್ಮನೆಂಟ್ ರಿಮೂವ್ ಮಾಡಿಸಿಬಿಡೂಣು. ಪೆಸ್ಟ್ ಕಂಟ್ರೋಲಿನಾವ ಶನಿವಾರ ಬರ್ತಾನ. ಸೊಸೈಟಿಗೆ ಸುಳಿವ ಹತ್ತೂದರಾಗ ಫಿನಿಶ್.”

ಬರಹದಲ್ಲಿ ‘ಜೇನು’ ಆದದ್ದು ನಮ್ಮ ಕಡೆಯ ಬಾಯಲ್ಲಿ ‘ಜೇನ’. ಜೈನ ಎಂಬ ಶಬ್ದ ಗುಜರಾತಿನವರ ಬಾಯಲ್ಲಿ ಬಹುಮಟ್ಟಿಗೆ ‘ಜೇನ್’ ಎಂದೇ ಕೇಳಿಸುತ್ತದೆ. ಎರಡು ಭಾಷೆಯೂ ಗೊತ್ತಿದ್ದದ್ದು ಇಡೀ ಮಹಡಿಯಲ್ಲಿ ನನಗೊಬ್ಬಳಿಗೇ. ಆದರೂ ಇದು ನನಗೆ ಹೊಳೆದದ್ದು ಆರು ದಿನ ತಡವಾಗಿ. ಗೋಡೆಯ ಆಚೆ ರೋಟಲಿ ಲಟ್ಟಿಸುತ್ತಿದ್ದ ಬಾ ಕಿವಿಗೆ ಬಿದ್ದದ್ದನ್ನು ಈಗ ಕೂಡಿಸಿ ಬರೆದರೆ ಹೀಗಾಗುತ್ತದೆ: ಜೈನ್, ಜೈನ್, ಜೈನ್, ಪ್ರಾಬ್ಲಂ, ಪರ್ಮನೆಂಟ್, ರಿಮೂವ್, ಪೆಸ್ಟ್ ಕಂಟ್ರೋಲ್, ಸೊಸೈಟಿ, ಫಿನಿಶ್. ಜೊತೆಗೆ, ಆಗಾಗ, ತಮ್ಮದೇ ಹೆಸರು. ಹುಳ ಯಾವ ಜಾತಿಯದೆಂದು ಅಪ್ಪ ವಿವರಿಸಿದ ದಿನ ‘ಹೆಜ್ಜೇನ’ ಎಂಬ ಮಾತು ‘ಹೇ ಜೈನ್’ ಎಂದು ಗೋಡೆಗೆ ಬಡಿದಿತ್ತಂತೆ. ಇಂಗ್ಲಿಷನ್ನು ಬಿಟ್ಟು ಅಚ್ಚ ಕನ್ನಡ ಮಾತಾಡಿದ್ದರೆ ನಾವು ಅರ್ಧ ಬಚಾವಾಗುತ್ತಿದ್ದೆವು.

ಸೋಮವಾರ ಬೆಳಗ್ಗೆ ಮೆಟ್ಟಿಲ ಮೇಲೆ ಜಯಂತಿಭಾಯಿ ಅಪ್ಪನ ಊದಿದ ಕಣ್ಣು ನೋಡಿ ಏನಾಯಿತೆಂದು ಹಿಂದಿಯಲ್ಲಿ ಕೇಳಿದರು. ಗುಟ್ಟು ಕಾಯಬೇಕಿದ್ದ ಅಪ್ಪ “ಗಿರ್ ಗಯಾ” ಎಂದ.

“ಆಂಖ್ ಕೆ ಊಪರ್?” ಎಂದರು ಜಯಂತಿಭಾಯಿ.

ಕಣ್ಣಿನ ಮೇಲೆ ಬೀಳುವ ಬಗೆ ಅಪ್ಪನಿಗೂ ತಿಳಿದಿರಲಿಲ್ಲ; ಸ್ಕೂಟರ್ ಒದ್ದು ಹೊರಟುಬಿಟ್ಟ. ಅಂದು ಬಾ ಮನೆಯಲ್ಲಿ ‘ಹಜೀ ಏಕ್’ ನಾಲ್ಕು. ಮಂಗಳವಾರ, ನಾನು ಕೈ ತೊಳೆಯಲು ಹೋದಾಗ ಬಾ ಎಂದಿನಂತೆ ನನ್ನ ಚೀಲದಿಂದ ನೋಟುಬುಕ್ಕು ತೆಗೆದು, ಪೆನ್ಸಿಲ್ಲು ಹಿಡಿದು ತಿದ್ದಲು ಕೂತರು. ಪ್ರತಿದಿನ ತಪ್ಪು ಎಷ್ಟೆಂದು ಕೂಗಿ ಹೇಳುವವರು ಅಂದು ಹೇಳಲಿಲ್ಲ. ‘ಹಜೀ ಏಕ್’ ಒಂದು. ಬುಧವಾರ ಸೊನ್ನೆ. ಎರಡು ರೋಟಲಿ ಹಾಕಿ ಕಿಟಕಿಯ ಕಡೆ ತಿರುಗಿ ಕೂತರು. ತುಪ್ಪ ಮಾತ್ರ ಎಂದಿನಷ್ಟೇ ಇತ್ತು. ನನಗೆ ಜ್ವರವೇನೋ, ಅದಕ್ಕೇ ಕಡಿಮೆ ಬಡಿಸುತ್ತಿದ್ದಾರೆ ಎಂದುಕೊಂಡು ನಾನೇ ಹಣೆ ಮುಟ್ಟಿ ನೋಡಿಕೊಂಡೆ.

ಗುರುವಾರ ಸಂಜೆ ಅವ್ವ ನನ್ನನ್ನು ಕರೆದೊಯ್ಯಲು ಬಂದಾಗ ಬಾ ಬಾಗಿಲಲ್ಲೇ ನಿಂತು, ಸೋಮವಾರದಿಂದ ರೂಪಾಳನ್ನು ಇಟ್ಟುಕೊಳ್ಳಲಾಗುವುದಿಲ್ಲ, ಮೊಣಕಾಲು ನೋವು ಎಂದು ಹಿಂದಿಯಲ್ಲಿ ಹೇಳಿದರು. ಹೇಳುವಾಗ ಅವ್ವನ ಮುಖ ನೋಡಲಿಲ್ಲ. ಅವ್ವನ ಕೈಯಲ್ಲಿದ್ದ ನನ್ನ ನೀರಿನ ಬಾಟಲಿ ಕೆಳಗೆ ಬಿತ್ತು. ಜೇನಿನ ವಿಷಯ ಹೇಗೋ ತಿಳಿದುಹೋಗಿದೆ, ಜೀವಹಿಂಸೆಗೆ ನೊಂದಿದ್ದಾರೆ ಎಂದು ಅವಳು ಖಚಿತವಾಗಿ ನಂಬಿದಳು. ಹೆಸರು ಎತ್ತಲು ನಾಚಿಕೆ. ಆದರೂ ಭರವಸೆ ಕೊಡಲೇಬೇಕಿತ್ತು. ಅವ್ವನ ಹಿಂದಿಯಲ್ಲಿ ಒಂದಕ್ಕಿಂತ ಹೆಚ್ಚಿರುವ ಯಾವುದೇ ಆಗಲಿ ‘ವೋ ಲೋಗ್’. ಬದನೆಕಾಯಿಯೂ ವೋ ಲೋಗ್, ಸ್ಟೀಲ್ ಲೋಟಗಳೂ ವೋ ಲೋಗ್.

“ದೀದಿ, ಟೆನ್ಶನ್ ಮತ್ ಲೋ. ಹಮ್ ಕುಛ್ ನಹೀ ಕರೇಂಗೆ. ವೋ ಲೋಗ್ ರೆಹನೇ ದೋ. ಆಠ್ ದಿನ್ ಮೇ ಖುದ್ ಚಲೇ ಜಾತೇ. ನಹೀ ಗಯೇ ತೋ ಫಿರ್ ದೇಖೇಂಗೆ.”

ನಾವೇನೂ ಮಾಡುವುದಿಲ್ಲ, ಅವರು ಇರಲಿ ಬಿಡಿ, ಎಂಟು ದಿನದಲ್ಲಿ ತಾವಾಗಿಯೇ ಹೋಗುತ್ತಾರೆ, ಹೋಗದಿದ್ದರೆ ಆಮೇಲೆ ನೋಡೋಣ. ಏಳು ತಲೆಮಾರಿನಿಂದ ಆ ಊರಿನಲ್ಲಿರುವವರಿಗೆ ಎರಡನೇ ವರ್ಗಾವಣೆಯ ಮೇಲೆ ಬಂದವರು ಕೊಟ್ಟ ಅಭಯ ಇದು. ಬಾ ಸದ್ದಾಗದಂತೆ ಬಾಗಿಲು ಹಾಕಿಕೊಂಡರು.

ಆ ಸಂಜೆ ನಮ್ಮ ಮನೆಯಲ್ಲಿ ಜಗಳ ಹೊತ್ತಿಕೊಂಡಿತು. ಅವ್ವ ಪೆಸ್ಟ್ ಕಂಟ್ರೋಲಿನವನಿಗೆ ತಾನೇ ಫೋನು ಮಾಡಿ ಬರಬೇಡ ಎಂದಳು. ಅವನಿಗೆ ಸಮಯ ಕೊಟ್ಟಾಗಿದೆ, ಮರ್ಯಾದೆ ಹೋಗುತ್ತದೆ ಎಂದು ಅಪ್ಪ ಗೊಣಗಿದ.

“ಮರ್ಯಾದಿ ಅಂತ. ನನ್ನ ನೌಕರಿ ಹೋಗ್ಲಿಕತ್ತೈತಿ, ನಿಮಗ ಪೆಸ್ಟ್ ಕಂಟ್ರೋಲಿನಾವನ ಮರ್ಯಾದಿ.”

“ರೂಪಾಗ ಮನೀ ಕೀಲಿ ಕೊಡೂಣು. ದೊಡ್ಡಾಕಿ ಆಗ್ಯಾಳ, ಒಬ್ಬಾಕಿನ ಇರ್ತಾಳ.”

“ಹಿಂದ ಸಾವಿರ ಜೇನ ಕುಂತಾವ, ಮುಂದ ಕೂಸಿಗೆ ಕೀಲಿ. ಛಲೋ ಐತಿ.”

ಸಾವಿರದ ಒಂಬೈನೂರು ಎಂದು ನಾನು ತಿದ್ದಿದೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಶುಕ್ರವಾರ ಅವ್ವ ಲ್ಯಾಬಿನವರಿಗೆ ಕೊಡಲು, ಮನೆಯ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಅರ್ಜಿ ಬರೆದು ಉಪ್ಪಿನ ಭರಣಿಯ ಕೆಳಗೆ ಇಟ್ಟಳು. ಅರ್ಜಿ ಆರು ಸಾಲಿನದು. ಬರೆಯಲು ಹಿಡಿದದ್ದು ಒಂದು ಗಂಟೆ ಐದು ನಿಮಿಷ. ಕೋಟನ್ನು ಇಸ್ತ್ರಿ ಮಾಡಿ ಮಡಿಸಿ ಇಟ್ಟಳು, ಮತ್ತೆ ಬಿಚ್ಚಿ ಮತ್ತೆ ಇಸ್ತ್ರಿ ಮಾಡಿದಳು.

ಮಾರ್ಚ್ ಹದಿನೈದು, ಶನಿವಾರ. ಬಾ ಮನೆಯಲ್ಲಿ ನನ್ನ ಕೊನೆಯ ದಿನ. ಊಟವಾದ ಮೇಲೆ ಬಾ ಉಣ್ಣೆಯ ಆಸನ ಹಾಸಿ, ಮರಳುಗಡಿಯಾರ ತಿರುಗಿಸಿಟ್ಟು ಸಾಮಾಯಿಕಕ್ಕೆ ಕೂತರು. ನಲವತ್ತೆಂಟು ನಿಮಿಷದ ವ್ರತ. ಮರಳು ಪೂರ್ತಿ ಇಳಿಯುವವರೆಗೆ ಏಳುವಂತಿಲ್ಲ, ಮನೆವಾರ್ತೆ ಮಾತಾಡುವಂತಿಲ್ಲ. ಸಮಯ ಒಂದು ಮುಕ್ಕಾಲು. ಶನಿವಾರ ನಾನು ವಾರದ ಒಟ್ಟು ಮೊತ್ತ ತೆಗೆಯುವ ದಿನ. ಊಟದ ಮೇಜಿನ ಮೇಲೆ ನೋಟುಬುಕ್ಕು ಬಿಚ್ಚಿದೆ. ‘ಅಪ್ಪ ಜೇನ ಅಂದದ್ದು 17’ ಎಂಬ ಸಾಲಿನಲ್ಲಿ ಏನೋ ಬೇರೆಯಾಗಿತ್ತು. ಗುಜರಾತಿಯಲ್ಲಿ ‘ಜೇ’ ಬರೆಯಲು ಅಕ್ಷರದ ನೆತ್ತಿಯ ಮೇಲೆ ಒಂದು ಓರೆ ಗೆರೆ ಎಳೆಯುತ್ತಾರೆ. ಎರಡು ಎಳೆದರೆ ಅದು ‘ಜೈ’. ನಾನು ಎಳೆದಿದ್ದದ್ದು ಒಂದು. ಪಕ್ಕದಲ್ಲಿ ಇನ್ನೊಂದು ಗೆರೆ ಹುಟ್ಟಿತ್ತು, ಪೆನ್ಸಿಲ್ಲಿನದು, ತೆಳ್ಳಗೆ, ಅಚ್ಚುಕಟ್ಟಾಗಿ. ಆ ಎರಡು ಪುಟದಲ್ಲಿ ‘ಜೇನ’ ಶಬ್ದ ಹದಿನಾಲ್ಕು ಕಡೆ ಬಂದಿದೆ. ಹದಿನಾಲ್ಕು ಕಡೆಯೂ ಗೆರೆ ಬಿದ್ದಿತ್ತು. ‘ಜೈನ ಪೆಸ್ಟ್ ಕಂಟ್ರೋಲ್ ಶನಿವಾರ.’ ‘ಜೈನ ಇವತ್ತೂ ಹೋಗಲಿಲ್ಲ.’ ಹೋಮ್‌ವರ್ಕ್ ಎಂದು ಈ ನೋಟುಬುಕ್ಕನ್ನು ತೆಗೆದವರು ಭಾಷೆ ಅರ್ಥವಾಗದಿದ್ದರೂ, ಓದಿದ್ದು ಎದೆಗೆ ಚುಚ್ಚಿದರೂ, ಕಾಗುಣಿತದ ತಪ್ಪನ್ನು ಹಾಗೇ ಬಿಡಲಾರದೆ ಹೋಗಿದ್ದರು. ಪುಟದ ಕೊನೆಗೆ ಯಾವಾಗಲೂ ಬರೆಯುವ ‘ಮತ್ತೊಮ್ಮೆ ಬರೆ’ ಎಂಬ ಮಾತು ಮಾತ್ರ ಇರಲಿಲ್ಲ.

ಒಂದು ಐವತ್ತೆರಡಕ್ಕೆ ನನಗೆ ಎಲ್ಲವೂ ತಿಳಿಯಿತು. ಮರಳು ಮುಗಿಯಲು ಇನ್ನೂ ನಲವತ್ತೊಂದು ನಿಮಿಷ ಬಾಕಿ. ಬಾ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ. ಬಾ ಕಣ್ಣು ತೆರೆದು ನನ್ನನ್ನು ನೋಡಿದರು, ಮತ್ತೆ ಮುಚ್ಚಿದರು. ಮರಳುಗಡಿಯಾರವನ್ನು ತಟ್ಟಿದರೆ ಬೇಗ ಇಳಿಯುತ್ತದೆಯೇ ಎಂದು ಎರಡು ಸಲ ಕೈ ಚಾಚಿ ಹಿಂದೆ ತೆಗೆದೆ. ಎರಡು ಮೂವತ್ಮೂರಕ್ಕೆ ಕೊನೆಯ ಕಣ ಬಿತ್ತು. ಬಾ ಕೈ ಮುಗಿದು, ಆಸನ ಮಡಿಸುವ ಮೊದಲೇ ಹೇಳಿದೆ:

“ಬಾ, ಜೇನ ಎಟಲೇ ಮಧಮಾಖಿ.”

ಜೇನ ಅಂದರೆ ಜೇನುಹುಳ. ಆಮೇಲಿನ ಮಾತೆಲ್ಲ ಗುಜರಾತಿಯಲ್ಲೇ ನಡೆಯಿತು. ಬಾ ಆಸನವನ್ನು ಅರ್ಧ ಮಡಿಸಿ ನಿಲ್ಲಿಸಿದರು.

“ಯಾರ ಭಾಷೆಯಲ್ಲಿ?”

“ನಮ್ಮ ಭಾಷೆಯಲ್ಲಿ. ಕನ್ನಡದಲ್ಲಿ. ಒಂದೇ ಗೆರೆ.”

“ನಿಮ್ಮಪ್ಪ ಪೆಸ್ಟ್ ಕಂಟ್ರೋಲ್ ಕರೆಸ್ತೀನಿ ಅಂದದ್ದು?”

“ಜೇನಿಗೆ.”

“ಯಾವ ಜೇನಿಗೆ?”

“ಹಾರೋ ಜೇನಿಗೆ.”

“ನಿಮ್ಮಮ್ಮ ಎಂಟು ದಿನದಲ್ಲಿ ತಾವೇ ಹೋಗ್ತಾರೆ ಅಂದದ್ದು?”

“ಅವರೂ ಹಾರೋವರೇ.”

ಅವ್ವ ಶುಕ್ರವಾರವೇ ಕೀಲಿಯನ್ನು ನನ್ನ ಕೊರಳಿಗೆ ಕಟ್ಟಿ ಅಭ್ಯಾಸ ಶುರುಮಾಡಿಸಿದ್ದಳು. ಬಾಗಿಲು ತೆರೆದು ಬಾ ಅವರನ್ನು ನಮ್ಮ ಅಡುಗೆಮನೆಯ ಕಿಟಕಿಗೆ ಕರೆದೊಯ್ದೆ. ಗಾಜಿನ ಆಚೆ ಆ ಕಂಬಳಿ ತೂಗುತ್ತಿತ್ತು; ಅದರ ಕೆಳಗೆ ತಂತಿಯ ಮೇಲೆ ಅಪ್ಪನ ಉಳಿದ ಎರಡು ಬಟ್ಟೆ, ಆರು ದಿನದ ಬಿಸಿಲಿಗೆ ಹಪ್ಪಳವಾಗಿ. ಬಾ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಹುಳಗಳ ಮೈಮೇಲೆ ಅಲೆ ಹರಿದಾಗ ಕೈ ತಾನಾಗಿ ಎದೆಗೆ ಹೋಯಿತು.

“ಇಷ್ಟೊಂದು ಜೇನ,” ಎಂದರು.

ಆಮೇಲೆ ಸ್ಟೂಲಿನ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿ, ಭುಜ ಕುಲುಕುವಂತೆ ನಕ್ಕರು. ನಗು ನಿಲ್ಲುವಾಗ ಕಣ್ಣು ಒರೆಸಿಕೊಂಡದ್ದು ನಗುವಿಗೇ ಎಂದು ಆಗ ಅಂದುಕೊಂಡಿದ್ದೆ. “ನಾಲ್ಕು ದಿನ ಗಂಟಲಲ್ಲಿ ತುತ್ತು ಇಳೀಲಿಲ್ಲ,” ಎಂದರು, ನನಗೋ ಗೋಡೆಗೋ. “ಕೇಳಿಬಿಡಬಹುದಿತ್ತು. ಕೇಳಿದಾಗ ಹೌದು ಅಂದುಬಿಟ್ಟರೆ?” ತಮ್ಮ ಮನೆಗೆ ಮರಳಿ, ಮೇಜಿನ ಮೇಲಿದ್ದ ನನ್ನ ನೋಟುಬುಕ್ಕು ಎಳೆದುಕೊಂಡು, ರಬ್ಬರು ತೆಗೆದುಕೊಂಡು, ಹದಿನಾಲ್ಕು ಗೆರೆಗಳನ್ನೂ ಒಂದೊಂದಾಗಿ ಅಳಿಸಿದರು. ಕಾಗದ ಹರಿಯದಂತೆ ಬೆರಳು ಒತ್ತಿ ಹಿಡಿದು, ಪುಡಿಯನ್ನು ಊದಿ. ಅಷ್ಟು ಮಾಡಿಯೂ ‘ನಿನ್ನ ಏಳು ನೋಡಿದರೆ ಒಂದರ ಹಾಗಿದೆ’ ಎಂದು ಅಂಕಿಗೆ ತಕರಾರು ತೆಗೆದರು.

ಸಂಜೆ ಅವ್ವ ಮೆಟ್ಟಿಲು ಹತ್ತಿ ಬಂದಾಗ ಬಾ ನಮ್ಮ ಬಾಗಿಲಲ್ಲಿ ನಿಂತಿದ್ದರು, ಮುಖ ಗಂಭೀರವಾಗಿಟ್ಟುಕೊಂಡು.

“ವೋ ಲೋಗ್ ಗಯೇ ಕ್ಯಾ, ಬೆನ್?”

ಅವ್ವ ಬೆವರಿದಳು. ಇನ್ನೆರಡು ದಿನ, ದೀದಿ, ನಾನು ಕೈ ಕೂಡ ಎತ್ತುವುದಿಲ್ಲ ಎಂದು ಮತ್ತೆ ಶುರುಮಾಡಿದಳು. ಆಗ ನಾನು ನಡುವೆ ಬಂದು ಎರಡೂ ಭಾಷೆಯಲ್ಲಿ ವಿಷಯ ಬಿಡಿಸಿ ಹೇಳಬೇಕಾಯಿತು. ಅವ್ವ ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ತಾನು ಗುರುವಾರ ಆಡಿದ ಒಂದೊಂದು ಮಾತೂ ನೆನಪಾದ ಹಾಗೆ ಹಣೆ ಹಣೆ ಬಡಿದುಕೊಂಡಳು, ಐದು ಸಲ. ಬಾ ಅವಳ ಪಕ್ಕ ಕೂತು, ಮೊಣಕಾಲನ್ನು ಸರಾಗವಾಗಿ ಮಡಿಸಿ, ಸೋಮವಾರ ರೂಪಾ ಎಷ್ಟು ಗಂಟೆಗೆ ಬರುತ್ತಾಳೆ ಎಂದು ಮಾತ್ರ ಕೇಳಿದರು. ಅವ್ವ ಒಳಗೆ ಹೋಗಿ ಭರಣಿಯ ಕೆಳಗಿನ ಅರ್ಜಿಯನ್ನು ಹರಿದಳು. ಅಪ್ಪ ಬಂದ ಮೇಲೆ ಅವನ ಸರದಿ.

“ಕನ್ನಡದಾಗ ಎಷ್ಟರ ಜೋರ ಮಾತಾಡು ಅಂದ್ರಿ.”

“ಅವ್ರಿಗೆ ತಿಳಿಯೂದಿಲ್ಲ ಅಂದಿದ್ದೆ. ಕೇಳಸೂದಿಲ್ಲ ಅಂದಿದ್ನೇನು?”

ಆ ಮೇ ತಿಂಗಳ ರಜೆಯಲ್ಲಿ ಅವ್ವ ನನಗೆ ಕನ್ನಡ ಅಕ್ಷರ ಕಲಿಸಿದಳು, ದಿನಕ್ಕೆ ಮೂರರಂತೆ. ನಮ್ಮ ಮಾತು ಇನ್ನೊಬ್ಬರ ಅಕ್ಷರದಲ್ಲಿ ಇರುವುದು ಬೇಡ ಎಂದು ಅವಳು ಹೇಳಿದಳು. ಗುಜರಾತಿಯನ್ನು ನಾನು ಬಿಡಲಿಲ್ಲ. ಎರಡಕ್ಕೂ ಬೇರೆ ಬೇರೆ ನೋಟುಬುಕ್ಕು, ಬೇರೆ ಬೇರೆ ಬಣ್ಣದ ರಟ್ಟು. ಇಂದಿಗೂ ಹಾಗೇ.

ಇನ್ನು ಜೇನಿನ ವಿಷಯ. ಜಯಂತಿಭಾಯಿ ಶನಿವಾರವೇ ಕಾರ್ಯದರ್ಶಿಯ ಸಹಿ ಹಾಕಿ, ಕಟ್ಟಡದ ಹಿಂದೆ ಯಾರೂ ಕಸ ಸುಡಬಾರದು, ಅತಿಥಿಗಳಿದ್ದಾರೆ ಎಂದು ನೋಟಿಸು ಅಂಟಿಸಿದರು. ಅತಿಥಿಗಳು ಯಾರೆಂದು ಬರೆಯದಿದ್ದುದರಿಂದ ಹನ್ನೊಂದು ಮನೆಯವರು ಬಂದು ವಿಚಾರಿಸಿದರು. ಮಾರ್ಚ್ ಹದಿನಾರು, ಭಾನುವಾರ, ಬೆಳಗ್ಗೆ ಹನ್ನೊಂದು ಹನ್ನೆರಡಕ್ಕೆ ಕಂಬಳಿ ಸಡಿಲವಾಯಿತು. ನಾವು ಮೂವರು, ಬಾ, ಜಯಂತಿಭಾಯಿ, ಐವರೂ ಒಂದೇ ಕಿಟಕಿಗೆ ಮುಖ ಒತ್ತಿದ್ದೆವು. ಮೊದಲು ಅಂಚಿನ ಹುಳಗಳು, ಆಮೇಲೆ ಹಿಂಡು ಹಿಂಡಾಗಿ ಗಾಳಿಗೆ ಬಿದ್ದವು. ಗಾಜು ಝುಂಯ್ ಎಂದು ನಡುಗಿತು. ನಾಲ್ಕು ನಿಮಿಷದಲ್ಲಿ ಸ್ಲ್ಯಾಬಿನ ಅಡಿಯ ಸುಣ್ಣ ಬಿಳಿಯಾಗಿ ಕಾಣಿಸಿತು. ಅಲ್ಲಿ ಹುಟ್ಟೂ ಇರಲಿಲ್ಲ, ಒಂದು ಹನಿ ತುಪ್ಪವೂ ಇರಲಿಲ್ಲ. ವಾರವಿಡೀ ಅವು ಒಂದನ್ನೊಂದು ಹಿಡಿದುಕೊಂಡು ಸುಮ್ಮನೆ ದಣಿವಾರಿಸಿಕೊಂಡಿದ್ದವು ಅಷ್ಟೇ. ನೆಲದ ಮೇಲೆ ಸತ್ತು ಬಿದ್ದವು ಇಪ್ಪತ್ತಮೂರು. ಬಾ ಅವನ್ನು ಕಾಗದದ ಮೇಲೆ ಎತ್ತಿಕೊಂಡು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ಕೆಳಗಿನ ಬೇವಿನ ಬುಡಕ್ಕೆ ಒಯ್ದರು. ಮೇಲೆ ಬಂದವರು ನನ್ನನ್ನು ಕೇಳಿದರು:

“ಎಲ್ಲಿಗೆ ಹೋದವು, ಬರಕೊಂಡೆಯಾ?”

ನೋಟುಬುಕ್ಕಿನಲ್ಲಿ ‘ಹೊರಟ ಸಮಯ’ ಇದೆ, ‘ಹೊರಟ ದಿಕ್ಕು’ ಇದೆ, ಈಶಾನ್ಯ. ‘ತಲುಪಿದ ಜಾಗ’ ಎಂಬ ಕಾಲಂ ಖಾಲಿ ಇದೆ. ಅಪ್ಪನ ವರ್ಗಾವಣೆ ನಮ್ಮನ್ನು ಮುಂದೆ ಸೂರತ್ತಿಗೆ ತಂದಿತು, ನಾನು ಇಲ್ಲೇ ಓದು ಮುಗಿಸಿದೆ. ಬಾ ಅವರಿಗೆ ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ. ಆರೋಗ್ಯ, ಊಟ, ಸೆಖೆ ಎಲ್ಲ ಆದ ಮೇಲೆ ಅವರು ಈಗಲೂ ಕೇಳುತ್ತಾರೆ, ಪತ್ತೆಯಾಯಿತಾ ಎಂದು. ನಕ್ಷೆಯಲ್ಲಿ ಚಾಂದ್‌ಖೇಡಾದಿಂದ ಈಶಾನ್ಯಕ್ಕೆ ಗೆರೆ ಎಳೆದರೆ ಕೋಬಾ ಸಿಗುತ್ತದೆ. ಕೋಬಾದಲ್ಲಿ ಜೈನರ ತೀರ್ಥವಿದೆ. ಅವು ಹೋದದ್ದು ಅಲ್ಲಿಗೇ, ಬೇರೆಲ್ಲಿಗೆ ಹೋಗಲು ಸಾಧ್ಯ ಎಂಬುದು ಬಾ ಅವರ ದೃಢ ನಂಬಿಕೆ. ನನ್ನ ಬಳಿ ಪುರಾವೆ ಇಲ್ಲ, ಪುರಾವೆ ಇಲ್ಲದ್ದನ್ನು ಕಾಲಂಗೆ ತುಂಬುವವಳು ನಾನಲ್ಲ. ಆ ಭಾನುವಾರ ಮಧ್ಯಾಹ್ನ ಕೋಬಾದಲ್ಲೋ, ದಾರಿಯ ಯಾವುದಾದರೂ ಮರಕ್ಕೋ ನೀರಿನ ಟ್ಯಾಂಕಿಗೋ ಬಾಲ್ಕನಿಗೋ ಹೆಜ್ಜೇನು ಬಂದು ಕೂತದ್ದನ್ನು ಕಂಡವರು ಇದ್ದರೆ ದಯವಿಟ್ಟು ಪ್ರಕಾಶಕರ ಮೂಲಕ ನನಗೆ ಒಂದು ಸಾಲು ಬರೆಯಿರಿ. ಗಂಟೆ, ನಿಮಿಷ ನೆನಪಿದ್ದರೆ ಅದನ್ನೂ ಬರೆಯಿರಿ. ಬಾ ಅವರಿಗೆ ಈಗ ಎಪ್ಪತ್ತೆಂಟು. ಸ್ವಲ್ಪ ಬೇಗ ಬರೆದರೆ ಒಳ್ಳೆಯದು.